ಕೆಂಪಣ್ಣನವರು ಸೊಳ್ಳೆಮರಿ ಹುಡುಕಿದ್ದು

ನೆಂಟರು ಫೋನು ಮಾಡಿ, "ನಾವು ಬರ್ತಾ ಇದ್ದೀವಿ, ಏನೂ ಮಾಡಕ್ಕೋಗ್ಬೇಡಿ" ಎಂದರೆ ಅದರ ಅರ್ಥವೇನೆಂದು ನಮ್ಮ ಹಳೇಕೋಟೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಡೇಪಕ್ಷ ಒಂದು ಪಾಯಸವಾದರೂ ಆಗಬೇಕು ಎಂದರ್ಥ. "ಇದ್ದದ್ದೇ ಸಾಕು" ಎಂದರೆ ಒಬ್ಬಟ್ಟು. "ಊಟ ಮಾಡ್ಕೊಂಡೇ ಬರ್ತೀವಿ" ಎಂದರೆ ಕೋಳಿ ಕುಯ್ಯಬೇಕು. ಇದು ತಿಳಿಯದೆ, ಹೇಳಿದ್ದನ್ನು ಹೇಳಿದ ಹಾಗೇ ನಂಬಿ ಸುಮ್ಮನೆ ಕೂತವರ ಮನೆಯನ್ನು ನೆಂಟರು ಸಾಯುವತನಕ ಆಡಿಕೊಳ್ಳುತ್ತಾರೆ.

ಹೀಗಿರುವಾಗ, ಕೆಂಪಣ್ಣನವರಿಗೆ, ಅರಕಲಗೂಡಿಗೆ ಕೊಟ್ಟ ಅವರ ತಂಗಿಯ ಮಗಳು ಸಿಂಧು ಹಾಸನದಿಂದ ಫೋನು ಮಾಡಿದಳು. "ಮಾವ, ಗುರುವಾರ ನಮ್ಮ ಯೂನಿವರ್ಸಿಟಿಯಿಂದ ಮೇಡಂ, ನಮ್ಮ ಕ್ಲಾಸಿನವರು ಎಲ್ಲ ನಿಮ್ಮೂರಿಗೆ ಬರ್ತೀವಿ. ಮನೆ ಮನೇಲೂ ನೀರು ತುಂಬಿಟ್ಟಿರೋ ಕಡೆಯೆಲ್ಲ ನೋಡ್ತೀವಿ. ದಯವಿಟ್ಟು ಏನೂ ಮಾಡ್ಬೇಡಿ. ಹೆಂಗಿದ್ಯೋ ಹಂಗೇ ಇರ್ಲಿ" ಎಂದಳು. ಕೆಂಪಣ್ಣನವರು "ಆಗ್ಲಿ ಕಣವ್ವ, ಏನೂ ಮಾಡಲ್ಲ" ಎಂದು ಫೋನಿಟ್ಟು, ನಿಂತ ನಿಲುವಿನಲ್ಲೇ ಪೊರಕೆ ಎಲ್ಲಿದೆ ಎಂದು ಕೇಳಿದರು.

ಕೆಂಪಣ್ಣನವರು ನಮ್ಮೂರ ಹಾಲಿನ ಡೈರಿಯ ಮಾಜಿ ಅಧ್ಯಕ್ಷರು. ಅಧ್ಯಕ್ಷರಾಗಿದ್ದ ಕಾಲ ಬಹಳ ಕಡಿಮೆ, ಮಾಜಿಯಾಗಿರುವ ಕಾಲ ಬಹಳ ಹೆಚ್ಚು. ಕುರ್ಚಿ ಹೋದರೂ ಡೈರಿಯ ಮೈಕಿನ ಮೇಲಿನ ಹಕ್ಕನ್ನು ಮಾತ್ರ ಅವರು ಇಂದಿಗೂ ಬಿಟ್ಟುಕೊಟ್ಟಿಲ್ಲ. ಅವತ್ತು ಸಾಯಂಕಾಲ ಜನ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಮೈಕು ಕೆಮ್ಮಿತು.

"ಹಳೇಕೋಟೆ ಮಹಾಜನಗಳೇ, ಗುರುವಾರ ನಮ್ಮೂರಿಗೆ ಯೂನಿವರ್ಸಿಟಿ ಬತ್ತಾ ಐತೆ. ಮನೆ ಮನೆಗೂ ನುಗ್ಗಿ ತೊಟ್ಟಿ, ಡ್ರಮ್ಮು, ಬಾನಿ ಎಲ್ಲಾನೂ ನೋಡ್ತಾರೆ. ಯಾರ ಮನೆ ನೀರಲ್ಲಾದ್ರೂ ಒಂದು ಹುಳ ಕಂಡ್ರೆ, ಓಗೋದು ಆ ಮನೆ ಮಾನ ಒಂದೇ ಅಲ್ಲ, ಊರಿನ ಮಾನ. ಎಲ್ಲಾರೂ ಚೆಲ್ಲಿ, ಉಜ್ಜಿ, ಬೋರಲು ಹಾಕತಕ್ಕದ್ದು."

ಪಕ್ಕದ ಮನೆಯ ಮುದುಕ ಚಿಕ್ಕಯ್ಯ ಹಾಲಿನ ಕ್ಯಾನು ಕೆಳಗಿಟ್ಟು ಬಂದ. "ಯೂನಿವರ್ಸಿಟಿ ಬತ್ತದೆ ಅಂದ್ರೆ, ಯಾರ ಜಮೀನಲ್ಲಿ ಕಟ್ತಾರಂತೆ ಕೆಂಪಣ್ಣ?" ಎಂದು ಕೇಳಿದ. ಇದು ಕಟ್ಟುವ ಯೂನಿವರ್ಸಿಟಿಯಲ್ಲ, ಬಂದು ಹೋಗುವ ಯೂನಿವರ್ಸಿಟಿ ಎಂದು ಕೆಂಪಣ್ಣನವರು ವಿವರಿಸಿದರು. ರಸ್ತೆ ಪಕ್ಕದಲ್ಲೇ ಜಮೀನಿದ್ದ ಚಿಕ್ಕಯ್ಯನಿಗೆ ಕೊಂಚ ನಿರಾಸೆಯಾಯಿತು.

ಕೆಂಪಣ್ಣನವರ ಆತುರಕ್ಕೆ ಬರೀ ಜಂಬ ಕಾರಣವಲ್ಲ. ಹೋದ ಮಳೆಗಾಲದಲ್ಲಿ ಅವರ ಹೆಂಡತಿ ಕಾಮಾಕ್ಷಮ್ಮನವರಿಗೆ ಡೆಂಗ್ಯೂ ಬಂದು, ಹಾಸನದ ಆಸ್ಪತ್ರೆ ಸೇರಿ, ಉಳಿಯುತ್ತಾರೋ ಇಲ್ಲವೋ ಎನ್ನುವ ಮಟ್ಟಕ್ಕೆ ಹೋಗಿ ಬಂದಿದ್ದರು. ಅತ್ತೆಯ ಮಂಚದ ಪಕ್ಕ ಕೂತು ಕಾದವಳು ಸಿಂಧು. ತನ್ನ ಎಂ.ಎಸ್ಸಿ. ಪ್ರಾಜೆಕ್ಟು ಈ ಸೊಳ್ಳೆಯ ಮೇಲೇ, ಅದೂ ಅತ್ತೆಯ ಊರಿನಲ್ಲೇ ಎಂದು ಅವಳು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಕೆಂಪಣ್ಣನವರು ಮಾತ್ರ ಆ ದಿನಗಳ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, "ಏನೋ ಜ್ವರ ಬಂದಿತ್ತು, ಓಯ್ತು" ಎಂದು ಎದ್ದು ಕೊಟ್ಟಿಗೆ ಕಡೆ ಹೋಗಿಬಿಡುತ್ತಿದ್ದರು.

ಬುಧವಾರ ಸಾಯಂಕಾಲದ ಹೊತ್ತಿಗೆ ಊರಿನ ಮೋರಿಗಳೆಲ್ಲ ತುಂಬಿ ಹರಿದವು. ಡ್ರಮ್ಮುಗಳು ಬೋರಲು ಬಿದ್ದವು. ಯಾವ ಕಾಲದಿಂದಲೋ ಹಿತ್ತಲಲ್ಲಿ ಮಳೆನೀರು ಕುಡಿದುಕೊಂಡು ಬಿದ್ದಿದ್ದ ಒರಳುಕಲ್ಲುಗಳನ್ನು ಗಂಡಸರು ಉಸಿರು ಕಟ್ಟಿ ಮಗುಚಿ ಹಾಕಿದರು. ಎದುರು ಮನೆಯ ಬೈರಮ್ಮ ತುಳಸಿಗೆ ನೀರು ಹಾಕುವ ಚೊಂಬನ್ನೂ ಹುಣಸೆಹಣ್ಣು ಹಾಕಿ ಬೆಳಗಿದಳು. ದನಗಳು ಬಾನಿಯ ಹತ್ತಿರ ಹೋಗಿ ಒಳಗೆ ಮೂತಿಯಿಟ್ಟು, ಏನೂ ಕಾಣದೆ ಕೆಂಪಣ್ಣನವರ ಮುಖ ನೋಡಿದವು.

ಗುರುವಾರ ಬೆಳಿಗ್ಗೆ ವ್ಯಾನು ಬಂತು. ಲತಾ ಮೇಡಂ ಇಳಿದರು. ಅವರ ಹಿಂದೆ ಟಾರ್ಚು, ಉದ್ದ ಹಿಡಿಯ ಸೌಟು, ಗಾಜಿನ ಶೀಸೆ ಹಿಡಿದ ಹುಡುಗ ಹುಡುಗಿಯರು ಇಳಿದರು. ಕೆಂಪಣ್ಣನವರು ಮುಂದೆ ಮುಂದೆ ನಡೆದು, ಒಂದೊಂದೇ ತೊಟ್ಟಿಯನ್ನು ತಮ್ಮ ಮಕ್ಕಳ ಮದುವೆಯ ಆಲ್ಬಂ ತೋರಿಸುವ ಹಾಗೆ ತೋರಿಸಿದರು.

"ನೋಡಿ ಮೇಡಂ. ಬೇಕಾದ್ರೆ ಬೆರಳಿಟ್ಟು ನೋಡಿ. ಪಾಚಿ ಕೂಡ ಇಲ್ಲ."

ಮೇಡಂ ಬಗ್ಗಿ ನೋಡಿದರು. ಏನೂ ಇರಲಿಲ್ಲ. ಪಕ್ಕದ ಮನೆ, ಅದರ ಪಕ್ಕದ ಮನೆ, ಬೀದಿಯ ಕೊನೆಯ ಮನೆ, ಎಲ್ಲಿಯೂ ಏನೂ ಇರಲಿಲ್ಲ. ಕೆಂಪಣ್ಣನವರು ಎಷ್ಟೋ ತಪಾಸಣೆಗಳನ್ನು ಕಂಡವರು. ಆದರೆ ಚೊಕ್ಕಟ ಹೆಚ್ಚಿದಷ್ಟೂ ತಪಾಸಣೆಗೆ ಬಂದವರ ಮುಖ ಸಣ್ಣದಾಗುವುದನ್ನು ಅವರು ನೋಡಿದ್ದು ಇದೇ ಮೊದಲು.

"ಸಿಂಧು, ನೀನು ಹೇಳಿದ ಊರು ಇದೇನಾ?" ಎಂದರು ಮೇಡಂ. ಸಿಂಧು ಮಾವನ ತೋಳು ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದಳು.

"ಮಾವ, ನಾನು ಏನೂ ಮಾಡ್ಬೇಡಿ ಅಂದಿದ್ದೆ."

"ಅಂದಿದ್ದೆ ಕಣವ್ವ. ಅದಕ್ಕೇ ಇಷ್ಟೆಲ್ಲ ಮಾಡ್ಸಿದ್ದು."

"ನಾವು ಬಂದಿದ್ದು ಸೊಳ್ಳೆಮರಿ ನೋಡಕ್ಕೆ ಮಾವ. ಬೇರೆ ಕಡೆಯಿಂದ ಶೀಸೇಲಿ ತಂದು ತೋರಿಸಿದ್ರೆ, ಅದು ಅವರೂರಿಂದು ಅಂತ ಜನ ಎದ್ದು ಹೋಗ್ತಾರೆ. ಅವರವರ ಮನೆ ನೀರಲ್ಲೇ ಕಂಡ್ರೆ ಮಾತ್ರ ನಂಬ್ತಾರೆ. ನನ್ನ ಪ್ರಾಜೆಕ್ಟೇ ಅದು. ಮೇಡಂ ಶನಿವಾರ ಇನ್ನೊಂದ್ಸಲ ಬರ್ತಾರೆ. ಆಗ್ಲೂ ಸಿಗದಿದ್ರೆ ಬೇರೆ ಊರಿಗೆ ಹೋಗ್ತಾರೆ. ನಾನು ಎಲ್ಲ ಮೊದಲಿಂದ ಮಾಡ್ಬೇಕು."

"ಅಂಗಂದ್ರೆ ನಮ್ಮೂರಲ್ಲಿ ಸೊಳ್ಳೆ ಇಲ್ಲ ಅಂತಾಯ್ತಲ್ಲ. ಒಳ್ಳೇದೇ ಅಲ್ವಾ?"

"ಇದೆ ಮಾವ. ಇಲ್ದಿದ್ರೆ ಅತ್ತೆಗೆ ಎಲ್ಲಿಂದ ಬಂತು?" ಎಂದಳು ಸಿಂಧು. ಅವಳ ಕಣ್ಣಲ್ಲಿ ನೀರಿತ್ತು. ಊರೆಲ್ಲ ನೀರು ಚೆಲ್ಲಿಸಿದ ಕೆಂಪಣ್ಣನವರಿಗೆ ಆ ನೀರನ್ನು ಮಾತ್ರ ನೋಡಲಾಗಲಿಲ್ಲ. "ನೀನು ಓಗು ಮಗ. ಶನಿವಾರದ ಒತ್ತಿಗೆ ನಿಂಗೆ ಎಷ್ಟು ಬೇಕೋ ಅಷ್ಟು ಹುಳ ರೆಡಿ ಇರ್ತವೆ" ಎಂದು ಮಾತು ಕೊಟ್ಟುಬಿಟ್ಟರು.

ಮಾತು ಕೊಡುವುದು ಸುಲಭ. ಅಕ್ಕಿ, ರಾಗಿಯನ್ನಾದರೆ ಯಾರ ಮನೆಯಲ್ಲಾದರೂ ಕೇಳಬಹುದು. ಸೊಳ್ಳೆಮರಿ ಕೇಳಲು ಯಾವ ಮನೆಯ ಬಾಗಿಲಿಗೆ ಹೋಗಬೇಕು, ಹೋಗಿ ಹೇಗೆ ಮಾತು ಶುರು ಮಾಡಬೇಕು ಎಂಬುದಕ್ಕೆ ನಮ್ಮ ಹಿರಿಯರು ಯಾವ ದಾರಿಯನ್ನೂ ಹಾಕಿಕೊಟ್ಟಿಲ್ಲ. ಕೆಂಪಣ್ಣನವರು ಒಂದು ಸ್ಟೀಲ್ ಲೋಟ ಹಿಡಿದು ಮೊದಲು ಬೈರಮ್ಮನ ಮನೆಗೆ ಹೋದರು.

"ಬೈರಮ್ಮ, ನಿಮ್ಮನೇಲಿ ಸೊಳ್ಳೆಮರಿ ಇದ್ರೆ ಒಂದೀಟು ಕೊಡವ್ವ."

ಬೈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏನಂದ್ರಿ?"

"ಜಾಸ್ತಿ ಬ್ಯಾಡ. ಒಂದು ಲೋಟ ಸಾಕು."

"ನಮ್ಮನೇನ ಏನು ಅಂದ್ಕಂಡಿದ್ದೀರಾ ಕೆಂಪಣ್ಣೋರೆ? ನಮ್ಮತ್ತೆ ಕಾಲದಿಂದ ಈ ಮನೇಲಿ ಒಂದು ಇರುವೆ ಕಂಡೋರಿಲ್ಲ. ಬೇಕಾದ್ರೆ ಚಿಕ್ಕಯ್ಯನ ಮನೇಲಿ ಕೇಳ್ಕಳಿ, ಅವರ ಮನೇಲಿ ಎಲ್ಲಾ ಇರ್ತದೆ."

ಇದು ಚಿಕ್ಕಯ್ಯನ ಕಿವಿಗೆ ಬಿತ್ತು. ಅವನು ಜಗುಲಿಯಿಂದಲೇ ಬೈರಮ್ಮನಿಗೆ ಉತ್ತರ ಕೊಟ್ಟು, ಆಮೇಲೆ ಕೆಂಪಣ್ಣನವರ ಕಡೆ ತಿರುಗಿದ. "ಮೊನ್ನೆ ಮೈಕಲ್ಲಿ ಹುಳ ಇದ್ರೆ ಮಾನ ಓಯ್ತದೆ ಅಂದೆ. ಇವತ್ತು ಲೋಟ ಇಡ್ಕೊಂಡು ಹುಳ ಕೊಡಿ ಅಂತೀಯ. ಯಾರ ಕಡೆಯಪ್ಪ ನೀನು?" ಎಂದ.

ಅರ್ಧ ದಿನದಲ್ಲಿ ಊರು ಒಂದು ತೀರ್ಮಾನಕ್ಕೆ ಬಂತು. ಕೆಂಪಣ್ಣ ಸರ್ಕಾರದ ಕಡೆ ಸೇರಿಕೊಂಡಿದ್ದಾನೆ, ಹುಳ ಕೊಟ್ಟವರಿಗೆ ದಂಡ ಬೀಳುತ್ತದೆ ಎಂಬುದೇ ಆ ತೀರ್ಮಾನ. ಪರಿಣಾಮವಾಗಿ ಎಲ್ಲರೂ ಇನ್ನೊಂದು ಸಲ ತೊಟ್ಟಿ ತೊಳೆದರು. ತೊಟ್ಟಿಗಳಲ್ಲಿ ಅಪ್ಪಿತಪ್ಪಿ ಉಳಿದಿದ್ದ ಮರಿಗಳೂ ಮೋರಿಯ ಪಾಲಾದವು.

ಶುಕ್ರವಾರ ಕೆಂಪಣ್ಣನವರು ಹಿರೀಸಾವೆಗೆ ಬಸ್ಸು ಹತ್ತಿದರು. ಅಲ್ಲಿ ಹೆದ್ದಾರಿ ಪಕ್ಕದಲ್ಲಿ ಕಾಮಾಕ್ಷಮ್ಮನ ತಮ್ಮ ರವೀಶ ಹೋಟೆಲು ಇಟ್ಟಿದ್ದಾನೆ. ಭಾವ ಬಂದದ್ದು ಕಂಡು ರವೀಶ ಗಲ್ಲಾದಿಂದ ಎದ್ದು ಬಂದು ಮಸಾಲೆದೋಸೆ ಹಾಕಿಸಿದ. ಕೆಂಪಣ್ಣನವರು ಮೊದಲ ತುತ್ತಿಗೇ, "ರವೀಶ, ನಿನ್ ಹೋಟ್ಲಲ್ಲಿ ಹುಳ ಅವೆಯೇನಪ್ಪ?" ಎಂದು ಮೈಕಿನ ಗಂಟಲಲ್ಲಿ ಕೇಳಿದರು. ಪಕ್ಕದ ಟೇಬಲ್ಲಿನವರು ಇಡ್ಲಿ ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟರು.

"ಭಾವ, ನಿಮ್ ಕಾಲಿಗೆ ಬೀಳ್ತೀನಿ, ಮೆಲ್ಲಗೆ ಮಾತಾಡಿ" ಎಂದು ರವೀಶ ಅವರನ್ನು ಹಿಂದುಗಡೆಗೆ ದಬ್ಬಿಕೊಂಡು ಹೋದ. ಅಲ್ಲಿ ಪಾತ್ರೆ ತೊಳೆದ ನೀರು ನಿಲ್ಲುವ ಗುಂಡಿಯಿತ್ತು. ಗುಂಡಿಯ ತುಂಬ ಮರಿಗಳು ಕುಣಿಯುತ್ತಿದ್ದವು. ಕೆಂಪಣ್ಣನವರಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿಸಿಕೊಂಡು, ಬಾಮೈದನ ಬೆನ್ನು ತಟ್ಟಿ ಹೊರಟರು. ಹೊರಗಿಂದ ತಂದದ್ದನ್ನು ಜನ ನಂಬುವುದಿಲ್ಲವೆಂದು ಸಿಂಧು ಹೇಳಿದ್ದು ಅವರಿಗೆ ಮರೆತಿರಲಿಲ್ಲ. ಆದರೆ ತಮ್ಮ ಬಾನಿಗೆ ಬಿಟ್ಟ ಮೇಲೆ ಅವು ತಮ್ಮ ಮನೆಯವೇ ತಾನೆ? ಮದುವೆಯಾಗಿ ಬಂದ ಸೊಸೆಯನ್ನು ಯಾರಾದರೂ ಹೊರಗಿನವಳು ಎನ್ನುತ್ತಾರೆಯೇ? ಕೆಂಪಣ್ಣನವರ ವಾದ ಹೀಗಿತ್ತು.

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಹೊಳೆನರಸೀಪುರದ ಕಡೆ ಬರುವಾಗ, ಮರಿಗಳಿಗೆ ಉಸಿರು ಕಟ್ಟೀತೆಂದು ಅವರು ಆಗಾಗ ಮುಚ್ಚಳ ತೆಗೆಯುತ್ತಿದ್ದರು. ಕಂಡಕ್ಟರು ಬಗ್ಗಿ ನೋಡಿದ.

"ಏನ್ ಯಜಮಾನ್ರೆ ಅದು?"

"ಸೊಳ್ಳೆಮರಿ. ಯೂನಿವರ್ಸಿಟಿಗೆ."

ಕಂಡಕ್ಟರು ಟಿಕೆಟ್ ಮೆಷಿನ್ನು ಎತ್ತಿಕೊಂಡ. "ಗಂಡೋ ಹೆಣ್ಣೋ?"

"ಯಾಕೆ?"

"ಹೆಣ್ಣಾದ್ರೆ ಫ್ರೀ. ಗಂಡಾದ್ರೆ ಟಿಕೆಟ್ ತಗೋಬೇಕು."

"ಕಚ್ಚೋದೆಲ್ಲ ಹೆಣ್ಣೇ ಅಂತೆ ಕಣಪ್ಪ, ನಮ್ ಹುಡುಗಿ ಹೇಳ್ತಿದ್ಲು."

"ಸರಿ, ಆಧಾರ್ ಕಾರ್ಡ್ ಇಟ್ಕೊಂಡಿರಕ್ಕೆ ಹೇಳಿ" ಎಂದು ಕಂಡಕ್ಟರು ಮುಂದೆ ಹೋದ. ಪಕ್ಕದಲ್ಲಿ ಕೂತಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು. ಮರಿಗಳ ದೆಸೆಯಿಂದ ಕೆಂಪಣ್ಣನವರು ಇಡೀ ಸೀಟಿನಲ್ಲಿ ಕಾಲು ಚಾಚಿಕೊಂಡು ಊರಿಗೆ ಬಂದರು.

ಶನಿವಾರ ಮೇಡಂ ಬರುವ ಹೊತ್ತಿಗೆ ಕೆಂಪಣ್ಣನವರ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಯಾರಿಗೆ ದಂಡ ಬೀಳುತ್ತದೋ ನೋಡೋಣವೆಂದು ಬಂದವರೇ ಹೆಚ್ಚು. ಕೆಂಪಣ್ಣನವರು ಗಂಭೀರವಾಗಿ, "ಮೇಡಂ, ನಮ್ಮ ಬಾನಿ ಮೊನ್ನೆ ಸರಿಯಾಗಿ ನೋಡ್ಲಿಲ್ಲ ಅನ್ಸುತ್ತೆ" ಎಂದು ಕರೆದುಕೊಂಡು ಹೋದರು. ಕನ್ನಡಿಯಂಥ ನೀರಿನಲ್ಲಿ ಮರಿಗಳು ಬಳುಕುತ್ತಿದ್ದವು. ಸಿಂಧುವಿನ ಮುಖ ಅರಳಿತು.

ಮೇಡಂ ಸೌಟಿನಲ್ಲಿ ಎತ್ತಿ, ಶೀಸೆಗೆ ಹಾಕಿ, ಲೆನ್ಸು ಹಿಡಿದು ನೋಡಿದರು. "ಇವು ಡೆಂಗ್ಯೂ ಸೊಳ್ಳೆ ಮರಿ ಅಲ್ಲ" ಎಂದರು. "ಬಾಲದ ಹತ್ರ ಉಸಿರಾಡೋ ನಳಿಗೆ ಎಷ್ಟು ಉದ್ದ ಇದೆ ನೋಡಿ. ಇವು ಕೊಳಚೆ ನೀರಲ್ಲಿ ಬೆಳೆಯೋವು. ಡೆಂಗ್ಯೂದು ಶುದ್ಧವಾದ ನೀರನ್ನೇ ಹುಡುಕ್ಕೊಂಡು ಬರುತ್ತೆ. ಇಷ್ಟು ಚೊಕ್ಕಟವಾದ ಬಾನೀಲಿ ಇವು ಹೆಂಗೆ ಬಂದ್ವು?"

ಕೆಂಪಣ್ಣನವರಿಗೆ ಸುಳ್ಳು ಹೇಳುವ ಅಭ್ಯಾಸ ಕಡಿಮೆ. "ನೆಂಟ್ರ ಮನೆಯಿಂದ ಬಂದವೆ ಮೇಡಂ" ಎಂದರು. "ಹಿರೀಸಾವೆ ಕಡೆಯವು."

ಅಂಗಳ ಬಿದ್ದು ಬಿದ್ದು ನಕ್ಕಿತು. ಬೈರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಚಿಕ್ಕಯ್ಯನಂತೂ ನಕ್ಕು ನಕ್ಕು ಕೆಮ್ಮು ಬಂದು ಬಾನಿಯ ಪಕ್ಕದಲ್ಲೇ ಕೂತುಬಿಟ್ಟ. ಸಿಂಧು ನಗಲಿಲ್ಲ. ಮೇಡಂ ನಗು ತಡೆದುಕೊಂಡು, "ಹೋಗ್ಲಿ, ಮನೆ ಒಳಗೆ ಒಂದ್ಸಲ ನೋಡಿ ಹೊರಡೋಣ" ಎಂದರು. ಸಿಂಧು ಟಾರ್ಚು ತೆಗೆದುಕೊಂಡು ಒಳಗೆ ಹೋದಳು.

ಇಷ್ಟು ಹೊತ್ತಾದರೂ ಈ ಕಥೆಯಲ್ಲಿ ಫ್ರಿಜ್ಜಿನ ಮಾತು ಬಂದಿಲ್ಲ. ಕೆಂಪಣ್ಣನವರ ತಲೆಗೇ ಬರದಿದ್ದದ್ದು ನನ್ನ ಕಥೆಗೆ ಹೇಗೆ ಬರಬೇಕು? ಫ್ರಿಜ್ಜನ್ನು ಯಾರಾದರೂ ತೊಟ್ಟಿ, ಡ್ರಮ್ಮುಗಳ ಸಾಲಿಗೆ ಸೇರಿಸುತ್ತಾರೆಯೇ? ಅದು ಅವರ ನಡುಮನೆಯಲ್ಲಿ, ಬಂದವರಿಗೆಲ್ಲ ಕಾಣುವ ಹಾಗೆ, ಕಸೂತಿ ಬಟ್ಟೆ ಹೊದ್ದುಕೊಂಡು ನಿಂತಿದೆ. ಅದರ ಮಗ್ಗುಲು ಸದಾ ಬೆಚ್ಚಗಿರುವುದರಿಂದ, ಸೊಂಟನೋವಿನ ಕಾಮಾಕ್ಷಮ್ಮನವರು ಹಗಲೆಲ್ಲ ಅದಕ್ಕೇ ಒರಗಿ ಕೂತು ಅವರೆಕಾಯಿ ಸುಲಿಯುತ್ತಾರೆ.

ಸಿಂಧು ಅದರ ಹಿಂದೆ ಬಗ್ಗಿ ಟಾರ್ಚು ಬಿಟ್ಟಳು. ಫ್ರಿಜ್ಜಿನಿಂದ ಇಳಿದ ನೀರು ನಿಲ್ಲಲು ಅಲ್ಲೊಂದು ತಟ್ಟೆ ಇರುತ್ತದೆ. ಅದು ಇದೆಯೆಂದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ತಟ್ಟೆಯ ನೀರು ತಿಳಿಯಾಗಿತ್ತು. ಅದರೊಳಗೆ ಸಣ್ಣ ಸಣ್ಣ ಮರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಸಿಂಧು ಅವುಗಳನ್ನು ನೋಡಿದಳು. ಆಮೇಲೆ, ಒಂದು ಗೇಣು ದೂರದಲ್ಲಿ ಅತ್ತೆ ಕೂರುವ ಚಾಪೆಯನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ಮಾವನನ್ನೂ ನೋಡಿದಳು. ಟಾರ್ಚು ಆರಿಸಿ ಎದ್ದು ನಿಂತು, "ಏನೂ ಇಲ್ಲ ಮೇಡಂ, ಹೋಗೋಣ" ಎಂದು ಕೂಗಿದಳು.

ಆ ಹುಡುಗಿ ಚಿಕ್ಕವಳಿದ್ದಾಗಿನಿಂದ ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಅದು ಕೆಂಪಣ್ಣನವರಿಗೆ ಗೊತ್ತು. ಅವರು ಅವಳ ಕೈಯಿಂದ ಟಾರ್ಚು ತೆಗೆದುಕೊಂಡರು.

"ಬೇಡ ಮಾವ. ನಾನು ಬೇರೆ ಊರಲ್ಲಿ ಮಾಡ್ಕೋತೀನಿ."

"ಸರ್ಕಳವ್ವ ಆಕಡೆ."

ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವರ ಎರಡೂ ಕೈಯಲ್ಲಿ ಆ ತಟ್ಟೆಯಿತ್ತು. ತುಳುಕದ ಹಾಗೆ ಮೆಲ್ಲಗೆ ನಡೆದು, ಅಂಗಳಕ್ಕೆ ಬಂದು, ಜಗುಲಿಯ ಮೇಲಿಟ್ಟರು. ಜನ ಇನ್ನೂ ನಗುತ್ತಲೇ ಇದ್ದರು. ಅವರ ಮುಖ ಕಂಡು ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಇವು ಹಿರೀಸಾವೆಯವಲ್ಲ" ಎಂದರು ಕೆಂಪಣ್ಣನವರು. "ನಮ್ಮನೆಯವೇ. ಫ್ರಿಜ್ಜಿನ ಹಿಂದೆ ಇದ್ವು. ತೊಳೀರಿ ತೊಳೀರಿ ಅಂತ ನಿಮ್ಗೆಲ್ಲ ಮೈಕಲ್ಲಿ ಹೇಳ್ದೆ. ನನ್ ನಡುಮನೇಲಿ ನಾನು ನೋಡ್ಕಳ್ಳಿಲ್ಲ. ಕಾಮಾಕ್ಷಿ ಆಸ್ಪತ್ರೆ ಸೇರಿದ್ದು ಇವುಗಳಿಂದ್ಲೇ ಅಂತ ಕಾಣ್ತದೆ." ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಮೇಡಂ ಲೆನ್ಸು ಹಿಡಿದು ನೋಡಿ, "ಇವೇ" ಎಂದರು. ತಕ್ಷಣ ಮೆತ್ತಗೆ, "ಆದ್ರೆ ಹೋದ ವರ್ಷ ಕಚ್ಚಿದ್ದು ಇಲ್ಲಿಂದೇ ಅಂತ ಯಾರೂ ಹೇಳಕ್ಕಾಗಲ್ಲ ಕೆಂಪಣ್ಣನವರೆ. ಯಾರ ಮನೇಲಾದ್ರೂ ಹುಟ್ಟಿರಬಹುದು" ಎಂದು ಸೇರಿಸಿದರು.

ಬೈರಮ್ಮ ಸೆರಗು ಸರಿ ಮಾಡಿಕೊಂಡು ಮುಂದೆ ಬಂದಳು.

"ನಮ್ಮ ತಾರಸಿ ಮೇಲೆ ಒಂದು ಹಳೇ ಹಂಡೆ ಐತೆ. ಮೇಲಕ್ಕೆ ಯಾರು ಹತ್ತಿ ನೋಡ್ತಾರೆ ಅಂತ ತೊಳ್ದಿರ್ಲಿಲ್ಲ. ತಡೀರಿ, ತತ್ತೀನಿ."

ಅವಳು ಹೋದವಳು, ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿಯಲ್ಲಿ ನೀರು ತುಂಬಿಸಿ, ಪಾಯಸ ತರುವವರ ಹಾಗೆ ತಟ್ಟೆ ಮುಚ್ಚಿಕೊಂಡು ಬಂದಳು. ಒಳಗೆ ಮರಿಗಳು ಗಿಜಿಗುಟ್ಟುತ್ತಿದ್ದವು. "ಕೆಂಪಣ್ಣೋರ ಮನೆಯವಕ್ಕಿಂತ ದಪ್ಪ ಅವೆ" ಎಂದಳು. ಇದನ್ನು ಕೇಳಿ ಚಿಕ್ಕಯ್ಯ ಸುಮ್ಮನಿರುತ್ತಾನೆಯೇ? ಅವನು ಕೋಳಿಗೂಡಿನ ಮೇಲೆ ಎಸೆದಿದ್ದ ಹಳೇ ಟೈರನ್ನೇ, ಒಳಗಿನ ನೀರು ಚೆಲ್ಲದ ಹಾಗೆ ಹೊತ್ತು ತಂದ. ಆಮೇಲೆ ಬೀದಿಯ ಎರಡೂ ಕಡೆಯಿಂದ ಲೋಟ, ಚೊಂಬು, ಟಿಫನ್ ಕ್ಯಾರಿಯರ್ ಬರತೊಡಗಿದವು. ಸಿಂಧು ಜಗುಲಿಯ ಮೇಲೆ ಕೂತು ಒಬ್ಬೊಬ್ಬರಿಗೂ ಅವರವರ ಮನೆಯ ಮರಿಯನ್ನು ಲೆನ್ಸಿನಲ್ಲಿ ತೋರಿಸಿದಳು. ವಾರಕ್ಕೊಂದು ದಿನ ನೀರೆಲ್ಲ ಚೆಲ್ಲಿ ಉಜ್ಜಿದರೆ ಅವು ಸೊಳ್ಳೆಯಾಗಿ ಹಾರುವುದೇ ಇಲ್ಲ ಎಂದು ಹೇಳಿದಳು. ಈ ಸಲ ಒಬ್ಬರೂ ಎದ್ದು ಹೋಗಲಿಲ್ಲ.

ಹೊರಡುವಾಗ ಒಂದು ತೊಡಕು ಬಂತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಯೂನಿವರ್ಸಿಟಿಯವರ ಹತ್ತಿರ ಬೆಲ್ಲವಿಲ್ಲ, ಬಾಳೆಹಣ್ಣಿಲ್ಲ. ಮೇಡಂ ಯೋಚಿಸಿ, ಪ್ರತಿ ಪಾತ್ರೆಯನ್ನೂ ತೊಳೆಸಿ, ಒಂದೊಂದರಲ್ಲೂ ಡೆಂಗ್ಯೂ ಬಗ್ಗೆ ಅಚ್ಚು ಹಾಕಿಸಿದ್ದ ಕರಪತ್ರವನ್ನು ಮಡಿಸಿಟ್ಟು ಕಳಿಸಿದರು. ಬೈರಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮರ್ಯಾದಸ್ಥರು ಎಂದಳು.

ವ್ಯಾನು ಹೋದ ಮೇಲೆ ಕಾಮಾಕ್ಷಮ್ಮನವರು ಒಳಗೆ ಬಂದರೆ, ಕೆಂಪಣ್ಣನವರು ಫ್ರಿಜ್ಜಿನ ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು. ಫ್ರಿಜ್ಜು ಸುಮ್ಮನಾಗಿತ್ತು.

"ಏನ್ ಮಾಡ್ತಿದ್ದೀರಿ?"

"ರವೀಶನ ಹೋಟ್ಲಿಗೆ ಕಳಿಸ್ಬುಡ್ತೀನಿ. ಬ್ಯಾಡ ಇದು. ನಾನೇ ತಂದು ನಿನ್ ಪಕ್ಕದಲ್ಲಿ ಇಟ್ಟೆ ಕಣೇ. ಇನ್ನೊಂಚೂರಾಗಿದ್ರೆ ನಿನ್ನ ಕಳ್ಕಂಡ್‌ಬುಡ್ತಿದ್ದೆ." ಒಂದು ವರ್ಷದಿಂದ ಕೊಟ್ಟಿಗೆಯ ಕಡೆ ಹೊತ್ತೊಯ್ಯುತ್ತಿದ್ದ ಅಳು ಇವತ್ತು ನಡುಮನೆಯಲ್ಲೇ ಬಂದುಬಿಟ್ಟಿತು.

ಕಾಮಾಕ್ಷಮ್ಮನವರು ಅವರು ಅಳುವಷ್ಟು ಅಳಲಿ ಎಂದು ಕಾದರು. ಆಮೇಲೆ, "ಇದನ್ನ ತಂದಾಗ ದನದ ಇಂಜೆಕ್ಷನ್ ಇಡಕ್ಕೆ ಅಂತ ಊರಿಗೆಲ್ಲ ಹೇಳಿದ್ರಿ" ಎಂದರು. "ಇವತ್ತಿನವರ್ಗೂ ಒಂದು ಇಂಜೆಕ್ಷನ್ ಇಟ್ಟಿದ್ದು ನಾನು ನೋಡ್ಲಿಲ್ಲ."

ಕೆಂಪಣ್ಣನವರು ಗೋಡೆ ನೋಡಿದರು. ತಾರಸಿ ನೋಡಿದರು. ನೋಡಲು ಇನ್ನೇನೂ ಉಳಿಯದೆ, "ನಿಂಗೇ ಅಂತ ತಂದಿದ್ದು" ಎಂದರು.

"ಅದು ನಂಗೆ ಅವತ್ತೇ ಗೊತ್ತು. ನಿಮ್ ಬಾಯಲ್ಲಿ ಬರ್ಲಿ ಅಂತ ಕಾಯ್ತಿದ್ದೆ." ಕಾಮಾಕ್ಷಮ್ಮನವರು ತೊಳೆದ ತಟ್ಟೆಯನ್ನು ಸೆರಗಿನಲ್ಲಿ ಒರೆಸಿ ಅವರ ಕೈಗೆ ಕೊಟ್ಟರು. "ಇದನ್ನ ಅದರ ಜಾಗಕ್ಕೆ ಹಾಕಿ, ಪ್ಲಗ್ ಹಾಕಿ. ಮಜ್ಜಿಗೆ ಕೆಟ್ಟೋಗ್ತದೆ."